ಮಗಳನ್ನ ಸಿಸ್ಟರ್ಸ್ ಹಾಸ್ಟೆಲ್ಲಿಗೆ ಬಿಡ್ಲೇನ್ರಿ ಅಕ್ಕೋರ?

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ್ರಿ. ನಮ್ದು ಇಂಡಿ ತಾಲೂಕು, ಎರಡು ಎಕರೆ ಒಣ ಹೊಲ. ದೀಪಾವಳಿ ಆತಂದ್ರ ನಾನು, ನಮ್ಮ ಮನೆಯವ್ರು ಗ್ಯಾಂಗಿನ ಸಂಗಾಟ ಕಬ್ಬು ಕಡ್ಯಾಕ ಹೋಗ್ತೀವಿ, ಗ್ಯಾಂಗ್ ಕರ್ಕೊಂಡು ಹೋಗೋ ಮುಕಾದಮ್ ಕಡೆ ಮೊದಲ ರೊಕ್ಕ ಇಸ್ಕೊಂಡಿರ್ತೀವಿ, ಹಿಂಗಾಗಿ ಹೋಗಲ್ಲ ಅನ್ನಾಕ ಬರಂಗಿಲ್ಲ. ಮಗಳು 5ನೇತ್ತ. ಹೋದ ವರ್ಷ ಐದು ತಿಂಗಳು ಸಾಲಿ ತಪ್ಪಿಸಿ ತಮ್ಮನ್ನ ಎತ್ಕೊಂಡು ಗುಡಿಸಲದಾಗ ಕುಂತ್ಲು. ಈಗ ವಿಜಯಪುರದಾಗ ಸಿಸ್ಟರ್ಸ್ ನಡಸೋ ಹಾಸ್ಟೆಲ್ಲಿನವ್ರು ಫೀ ಇಲ್ದ ಇಟ್ಕೊಂತೀವಿ ಅಂದಾರ. ನಮ್ಮತ್ತಿ ಮಾತ್ರ ಕಿರಿಸ್ತಾನ್ರ ಕಡೆ ಬಿಟ್ರ ಹುಡುಗಿ ನಮ್ಮಾಕಿ ಆಗಿ ಉಳಿಯಂಗಿಲ್ಲ ಅಂತಾರ. ಏನ್ ಮಾಡ್ಲಿ?
ಒಬ್ಬ ತಾಯಿ, ವಿಜಯಪುರ ಜಿಲ್ಲೆ

ಉತ್ತರ: ತಂಗೀ, ನಿಮ್ಮತ್ತಿಯವರ ಮ್ಯಾಲ ಸಿಟ್ಟಾಗಬ್ಯಾಡ್ರಿ, ಮೊಮ್ಮಗಳು ಕೈ ತಪ್ಪತಾಳೋ ಏನೋ ಅನ್ನೋ ಹೆದರಿಕಿ ಅದು. ನಾನು ನಂದ ಕಥಿ ಹೇಳ್ತೀನಿ, ಅವರಿಗೂ ಓದಿ ಹೇಳ್ರಿ.

ನಮ್ದು ಗುಳೇದಗುಡ್ಡ. ಅಪ್ಪ ಕುಣಿ ಮಗ್ಗದಾಗ ಖಣ ನೇಯ್ತಿದ್ದ, ಅವ್ವ ಮತ್ತ ನಾವು ಮಕ್ಕಳು ಮಗ್ಗಕ್ಕ ಬೇಕಾಗೋ ನೂಲಿನ ಕಂಡಿಕಿ ಸುತ್ತತಿದ್ವಿ. 7ನೇತ್ತ ಮುಗಿಯೂದ್ರಾಗ ನನ್ನ ಸಾಲಿ ಬಿಡಿಸಿದ್ರು. ಆಗ ಚರ್ಚ್ ಕಡೆ ಇದ್ದ ಒಬ್ಬ ಟೀಚರ್ ಮನಿಗೆ ಬಂದ್ರು. ಬಂದವ್ರು ಓದು ಬರಹ ಅಂತ ಭಾಷಣ ಮಾಡ್ಲಿಲ್ಲ, ಮಗ್ಗದ ಕುಣಿ ದಂಡಿಗೆ ಕುಂತು ಈ ಹುಡುಗಿ ದಿನಕ್ಕ ಎಷ್ಟು ಕಂಡಿಕಿ ಸುತ್ತತಾಳ, ಅದರಿಂದ ಮನಿಗೆ ಎಷ್ಟು ಉಳಿತೈತಿ ಅಂತ ಅಪ್ಪನ್ನ ಕೇಳಿದ್ರು, ಅಪ್ಪ ಹೇಳಿದ, ಅದನ್ನ ನೋಟ್‌ಬುಕ್‌ನ್ಯಾಗ ಬರ್ಕೊಂಡ್ರು. ಸಾಲಿ ಬಿಟ್ಟ ಮ್ಯಾಲ ಒಂದು ತಾಸು ಕಂಡಿಕಿ ಸುತ್ಲಿ, ಹಗಲೆಲ್ಲ ಸಾಲ್ಯಾಗ ಇರ್ಲಿ, ಫೀ ಪುಸ್ತಕ ನಮ್ಮ ಕಡೆ ಇರ್ಲಿ ಅಂದ್ರು. ಅಪ್ಪನ ಲೆಕ್ಕ ಅವರಿಗೆ ತಿಳಿದಿತ್ತು, ಅದಕ್ಕ ಅವ ಒಪ್ಪಿದ. ಮುಂದ ಮೂರು ವರ್ಷ ಪ್ರತಿ ಶನಿವಾರ ಬಂದು ನನ್ನ ಗಣಿತದ ನೋಟ್‌ಬುಕ್ ತಿರುವಿ ಹಾಕಿ ಹೋಗೋರು. ಚರ್ಚಿಗೆ ಬಾ ಅಂತ ಒಂದು ದಿನ ಅನ್ಲಿಲ್ಲ. ನಾ ಇವತ್ತಿಗೂ ಬನದ ಹುಣ್ಣಿವಿಗೆ ಬನಶಂಕರಿ ಜಾತ್ರಿ ತಪ್ಪಸಂಗಿಲ್ಲ.

ಈ ಕೆಲಸ ನಮ್ಮ ಸೀಮಿಗೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವ್ರು 1834ರಾಗ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿ, ಗದಗ ಬೆಟಗೇರಿ ಅಂತ ಮ್ಯಾಲ ಬರ್ತಾ 1851ರಾಗ ನಮ್ಮ ಗುಳೇದಗುಡ್ಡ ಮುಟ್ಟಿದ್ರು, ಹೋದಲ್ಲೆಲ್ಲ ಚರ್ಚಿನ ಬಾಜೂಕ ಸಾಲಿ ಕಟ್ಟಿದ್ರು. ಬ್ಯಾರೆ ಮಿಶನರಿಗಳ ಬೆಳಗಾವಿ ಸೇಂಟ್ ಪಾಲ್ಸ್ ಸಾಲಿ ಸುರು ಆಗಿದ್ದು 1856ರಾಗ. ಅವರು ತಮ್ಮ ಧರ್ಮ ಹೇಳಾಕ ಬಂದಿದ್ರು ಅನ್ನೋದೂ ಖರೇ, ಅದನ್ನ ಮುಚ್ಚಿಡೋದು ಬ್ಯಾಡ. ಆದ್ರ ನಿಮ್ಮತ್ತಿಯವರ ಹೆದರಿಕಿಗೆ ಕಾನೂನಿನಾಗ ನೇರ ಉತ್ತರ ಐತಿ: ಸರ್ಕಾರದ ಮಾನ್ಯತೆ ಇಲ್ಲಾ ಅನುದಾನ ಇರೋ ಯಾವ ಸಾಲ್ಯಾಗೂ ಮಗುವನ್ನ ಪ್ರಾರ್ಥನಾಕ್ಕ ಅಥವಾ ಧರ್ಮ ಪಾಠಕ್ಕ ಕುಂದರಸಬೇಕಂದ್ರ ತಂದಿ ತಾಯಿ ಒಪ್ಪಿಗಿ ಬೇಕ ಬೇಕು, ಸಂವಿಧಾನದ 28ನೇ ವಿಧಿ ಅದನ್ನ ಹೇಳ್ತದ. ನಿಮಗ ಬ್ಯಾಡ ಅನ್ನಿಸಿದ್ರ ಬ್ಯಾಡ ಅಂತ ಸೇರಿಸೋ ದಿನಾನ ಹೇಳ್ರಿ, ಒಳ್ಳೇ ಸಿಸ್ಟರ್ಸ್ ಇದ್ರ ಅದಕ್ಕ ಬೇಜಾರ ಮಾಡ್ಕೊಳ್ಳಂಗಿಲ್ಲ.

ಬಿಡೂದಕ್ಕಿಂತ ಮೊದಲ ಒಂದು ದಿನ ಕೂಲಿ ಹೋದ್ರ ಹೋಗ್ಲಿ, ಗಂಡ ಹೆಂಡ್ತಿ ಇಬ್ರೂ ಮಗಳನ್ನ ಕರ್ಕೊಂಡು ಹೋಗಿ ನೋಡಿ ಬರ್ರಿ. ರಾತ್ರಿ ಹುಡುಗ್ಯಾರ ರೂಮಿನ ಹತ್ರ ಯಾರು ಮಲಗ್ತಾರ, ಬಾತ್‌ರೂಮಿಗೆ ಒಳಗಿಂದ ಚಿಲಕ ಐತೋ ಇಲ್ಲೋ, ನೀವು ಕಬ್ಬಿನ ಫಡದಾಗಿದ್ದಾಗ ವಾರಕ್ಕ ಎಷ್ಟು ಸಲ ಫೋನ್ ಕೊಡ್ತಾರ ಕೇಳ್ರಿ. ಅಲ್ಲಿರೋ ದೊಡ್ಡ ಹುಡುಗ್ಯಾರ ಜೋಡಿ ಮಗಳು ಒಂದರ್ಧ ತಾಸು ಆಡ್ಲಿ, ಆಮ್ಯಾಲ ಆಕಿ ಏನಂತಾಳ ಅದನ್ನೂ ಕೇಳ್ರಿ. ಆಸರೆ ಇಲ್ಲದ ಮಕ್ಕಳನ್ನ ಇಟ್ಕೊಳ್ಳೋ ಸಂಸ್ಥೆ ಆದ್ರ 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಿರಬೇಕು, ಆ ಕಾಗದ ತೋರಸ್ರಿ ಅನ್ನಾಕ ಸಂಕೋಚ ಬ್ಯಾಡ. ತಂದಿ ತಾಯಿ ನಡುವ ಬಂದು ನೋಡಬಾರದು ಅಂತ ಯಾರರ ಅಂದ್ರ, ಅಲ್ಲಿ ಊಟ ಎಷ್ಟ ಚಲೋ ಇರ್ಲಿ, ಮಗಳನ್ನ ಬಿಡಬ್ಯಾಡ್ರಿ. ಏನರ ಅನುಮಾನ ಬಂದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಚಬಹುದು.

ಇನ್ನೊಂದು ದಾರಿನೂ ಐತಿ. ಮಗಳು 5ನೇತ್ತ ಅಂದ್ರಿ, 6ನೇತ್ತಕ್ಕ ಮೊರಾರ್ಜಿ ದೇಸಾಯಿ, ಕಿತ್ತೂರ ರಾಣಿ ಚೆನ್ನಮ್ಮ ವಸತಿ ಶಾಲಿಗಳಿಗೆ ಪ್ರವೇಶ ಪರೀಕ್ಷೆ ಇರ್ತದ, ಪಾಸಾದ್ರ ಊಟ ವಸತಿ ಎಲ್ಲಾ ಸರ್ಕಾರದ್ದು. ಅದರ ಅರ್ಜಿ ಈಗ್ಲೇ ಸಾಲಿ ಮಾಸ್ತರಿಗೆ ಕೇಳಿ ಇಡ್ರಿ, ಅಲ್ಲಿ ತನಕ ಒಂದು ವರ್ಷ ಸಿಸ್ಟರ್ಸ್ ಕಡೆ ಇರ್ಲಿ. ಸಣ್ಣ ಮಗನ್ನ ಏನ್ ಮಾಡ್ತೀರಿ ಅಂತ ನೀವು ಬರೀಲೇ ಇಲ್ಲ. ಅಕ್ಕ ಹಾಸ್ಟೆಲ್ಲಿಗೆ ಹೋದ್ರ ಫಡದಾಗ ಅವನ್ನ ನೋಡ್ಕೊಳ್ಳೋರು ಯಾರು? ನಿಮ್ಮತ್ತಿಯವ್ರು ಊರಾಗ ಇರ್ತಾರಂದ್ರ ಅವರ ಹತ್ರ ಬಿಟ್ಟು ಅಂಗನವಾಡಿಗೆ ಹಚ್ಚಾಕ ಆಗ್ತದೇನು ನೋಡ್ರಿ. ಅದು ಆಗ್ಲಿಲ್ಲಂದ್ರ ಎರಡು ದಿನಕ್ಕ ಮಗಳನ್ನ ವಾಪಸ್ ಕರ್ಕೊಂಡು ಹೋಗೂ ಹಂಗ ಆಗ್ತದ.

ಪ್ರಶ್ನೆ: ಮೇಡಂ, ನಾನು ಬೆಳಗಾವಿ ಉದ್ಯಮಬಾಗ ಇಂಡಸ್ಟ್ರಿಯಲ್ ಏರಿಯಾದಾಗ ಸಿಎನ್‌ಸಿ (ಕಂಪ್ಯೂಟರ್ ಮ್ಯಾಲ ನಡಿಯೋ ಮಷೀನ್) ಆಪರೇಟರ್. ಸಣ್ಣವಿದ್ದಾಗ ನಮ್ಮ ಏರಿಯಾದ ಚರ್ಚ್ ಸೆಂಟರ್ ಮೂಲಕ ಫಾರಿನ್‌ದ ಒಬ್ಬ ಅಜ್ಜಿ ನನ್ನ ಸ್ಪಾನ್ಸರ್ ಇದ್ರು, ಲೆಟರ್ ಬರೀತಿದ್ರು. 2017ರಾಗ ನಾನು 9ನೇತ್ತ ಇದ್ದಾಗ ಎಲ್ಲಾ ಬಂದ್ ಆತು, ಯಾಕ ಅಂತ ಯಾರೂ ಹೇಳ್ಲಿಲ್ಲ, ನನ್ನ ಕೊನೇ ಲೆಟರ್ ಮುಟ್ಟಿತೋ ಇಲ್ಲೋ ಗೊತ್ತಿಲ್ಲ. ಈಗ ತಿಂಗಳಾ ಒಂದೂವರಿ ಸಾವಿರ ಒಂದು ಮಗುಗೆ ಕೊಡಬೇಕು ಅನ್ಕೊಂಡೀನಿ. ಹೆಂಗ ಕೊಡ್ಲಿ?
ಓದುಗ, ಬೆಳಗಾವಿ

ಉತ್ತರ: ತಮ್ಮಾ, ಯಾವ ಸಂಸ್ಥೆ ಅಂತ ನೀ ಬರ್ದಿಲ್ಲ. ಆ ವರ್ಷ ದೊಡ್ಡ ಸುದ್ದಿ ಆಗಿದ್ದು ಕಂಪ್ಯಾಶನ್ ಇಂಟರ್‌ನ್ಯಾಷನಲ್. ಕೊರಿಯಾ ಯುದ್ಧದಾಗ ಅನಾಥ ಆದ ಮಕ್ಕಳನ್ನ ನೋಡಿ ಎವರೆಟ್ ಸ್ವಾನ್ಸನ್ ಅನ್ನೋ ಅಮೆರಿಕದ ಪಾಸ್ಟರ್ 1952ರಾಗ ಸುರು ಮಾಡಿದ್ದು ಅದು. ಒಂದು ಮಗುಗೆ ಒಬ್ಬ ಸ್ಪಾನ್ಸರ್, ರೊಕ್ಕ ಮಗುವಿನ ಕೈಗಲ್ಲ, ಚರ್ಚ್ ಸೆಂಟರ್‌ಗೆ ಬಂದು ಅಲ್ಲಿ ಫೀ, ಊಟ, ಟ್ಯೂಷನ್, ಡಾಕ್ಟರ್ ಚೆಕಪ್ ಆಗೋದು. 2016ರಾಗ ಕೇಂದ್ರ ಸರ್ಕಾರ ಪ್ರತಿ ಸಲ ಪರ್ಮಿಷನ್ ತಗೊಂಡ ರೊಕ್ಕ ತರಬೇಕು ಅಂತು, ಮತಾಂತರಕ್ಕ ಬಳಸ್ತಾರ ಅನ್ನೋದು ಸರ್ಕಾರದ ಆಕ್ಷೇಪ, ಇಲ್ಲ ಅನ್ನೋದು ಅವರ ಮಾತು. ಕೊನಿಗೆ 2017ರ ಮಾರ್ಚ್‌ನ್ಯಾಗ ಭಾರತದ ಕೆಲಸ ಮುಚ್ಚಿದ್ರು, ಆಗ ಅವರ ಲೆಕ್ಕದಾಗ ಇಲ್ಲಿ ಸುಮಾರು 1 ಲಕ್ಷ 45 ಸಾವಿರ ಮಕ್ಕಳಿದ್ರು. ನೀ ಅವರಾಗ ಒಬ್ಬ ಇರಬಹುದು ಇಲ್ದೇನೂ ಇರಬಹುದು, ಆದ್ರ ನಿನ್ನ ತಪ್ಪಿನಿಂದ ಏನೂ ನಿಂತಿಲ್ಲ, ಇಷ್ಟು ವರ್ಷ ಅದು ಮನಸಿನಾಗ ಇದ್ರ ತಗದು ಹಾಕು. ಆ ಕಡೆ ಆ ಅಜ್ಜಿಗೂ ನಿನ್ನ ಸುದ್ದಿ ಹಂಗ ನಿಂತಿರ್ತದ.

ಫಾರಿನ್ ದೇಣಿಗಿ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಾಗ ತಿದ್ದುಪಡಿ ಆದ ಮ್ಯಾಲ ಫಾರಿನ್ ರೊಕ್ಕ ತಗೊಂಡ ಒಂದು ಸಂಸ್ಥೆ ಅದನ್ನ ಇನ್ನೊಂದು ಸಂಸ್ಥೆಗೆ ಕೊಡಂಗಿಲ್ಲ, ಹಿಂಗಾಗಿ ದೊಡ್ಡವರ ಮೂಲಕ ನಡೀತಿದ್ದ ಹಳ್ಳಿ ಕಡೆ ಸಣ್ಣ ಸೆಂಟರ್‌ಗಳಿಗೆ ಆ ದಾರಿ ಮುಚ್ಚಿತು. ಅದಕ್ಕ ಉದ್ಯಮಬಾಗದ ಪಗಾರದಾಗ ತಗದ ಒಂದೂವರಿ ಸಾವಿರಕ್ಕ ಇವತ್ತು ಭಾಳ ಬೆಲೆ ಐತಿ ಅಂತ ನಾ ಅನ್ನೋದು.

ಯಾರಿಗೆ ಅಂದ್ರ, 9ನೇತ್ತ ಇರೋ ಹುಡುಗ ಇಲ್ಲಾ ಹುಡುಗಿಗೆ. ಉಚಿತ ಕಡ್ಡಾಯ ಶಿಕ್ಷಣದ ಆರ್‌ಟಿಇ ಕಾಯ್ದೆ 6ರಿಂದ 14 ವರ್ಷದ ತನಕ, ಅಂದ್ರ 8ನೇತ್ತಕ್ಕ ಮುಗೀತು. ಅಲ್ಲಿಂದ ಹೈಸ್ಕೂಲ್ ದೂರ, ಬಸ್ ಪಾಸ್, ಗೈಡು, ಮನ್ಯಾಗ ದುಡಿಯೋ ವಯಸ್ಸು ಆತು ಅನ್ನೋ ಮಾತು, ಎಲ್ಲಾ ಒಮ್ಮೆಲೆ ಮೈಮ್ಯಾಲ ಬೀಳ್ತಾವು. ನಿಂದೂ ಅಲ್ಲೇ ನಿಂತಿತ್ತಲ್ಲ. ಹತ್ರದ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರ್ ಹತ್ರ ಹೋಗಿ ಕೇಳು, ಯಾರು ಸಾಲಿ ಬಿಡೋ ಅಂಚಿಗೆ ಅದಾರ ಅಂತ ಅವರಿಗೆ ಗೊತ್ತಿರ್ತದ. ಆರು ತಿಂಗಳು ಒಂದೂವರಿ ಸಾವಿರ ಕೊಟ್ಟು ನಿಲ್ಲಿಸೋಕಿಂತ ಏಳ್ನೂರೈವತ್ತು ಕೊಡು, ಆದ್ರ ಎಸ್‌ಎಸ್‌ಎಲ್‌ಸಿ ತನಕ ಎರಡು ವರ್ಷ ತಪ್ಪದ ಕೊಡು. ಟ್ರಸ್ಟ್ ಮೂಲಕ ಕೊಟ್ರ ರಸೀದಿ ಬೇಕ ಅನ್ನು. ದಾನಕ್ಕ ಸಿಗೋ ಟ್ಯಾಕ್ಸ್ ರಿಯಾಯಿತಿ 2,000 ರೂಪಾಯಿ ಮ್ಯಾಲ ಕ್ಯಾಶ್ ಕೊಟ್ರ ಸಿಗಂಗಿಲ್ಲ, ಹೊಸ ಟ್ಯಾಕ್ಸ್ ಪದ್ಧತಿ ಆರಿಸ್ಕೊಂಡಿದ್ರ ಮೊದಲ ಇಲ್ಲ. ಮತ್ತ ಶನಿವಾರ ಒಂದು ತಾಸು ಹೋಗಿ ಅವರ ಗಣಿತದ ನೋಟ್‌ಬುಕ್ ನೋಡು. ಸಿಎನ್‌ಸಿ ಮಷೀನ್ ನಡಸೋನಿಗೆ ತ್ರಿಕೋನಮಿತಿ ಯಾಕ ಬೇಕು ಅಂತ ಹೇಳಾಕ ನಿನಗಿಂತ ಚಲೋ ಮಾಸ್ತರ ಯಾರಿದಾರ?

ಪ್ರಶ್ನೆ: ಕ್ರಿಸ್ಮಸ್‌ಗೆ ನಮ್ಮ ಚರ್ಚ್ ಯುವಕರು ಓಣಿ ಮಕ್ಕಳಿಗೆ ನೋಟ್‌ಬುಕ್, ಬ್ಯಾಗ್ ಹಂಚಿದ್ವಿ. ಫೋಟೋ ಸ್ಟೇಟಸ್‌ಗೆ ಹಾಕಿದ್ರ ರೊಕ್ಕ ಕೊಟ್ಟವರಿಗೆ ನಂಬಿಕಿ ಬರ್ತದ ಅಂತ ಹಿರಿಯರು ಅಂತಾರ. ಆದ್ರ ಒಬ್ಬ ಹುಡುಗಿ ಫೋಟೋದಾಗ ಬ್ಯಾಗ್ ಅಡ್ಡ ಹಿಡ್ಕೊಂಡು ಮುಖ ಮುಚ್ಕೊಂಡಾಳ. ಹಾಕೂದೋ ಬ್ಯಾಡೋ?
ಮುಧೋಳ ಓದುಗ

ಉತ್ತರ: ಹಾಕಬ್ಯಾಡ್ರಿ. ಆ ಹುಡುಗಿ ನಿಮಗ ಉತ್ತರ ಕೊಟ್ಟಾಳ. ನಾಳೆ ಅದ ಬ್ಯಾಗ್ ಹಾಕ್ಕೊಂಡು ಆಕಿ ಸಾಲಿಗೆ ಹೋಗಬೇಕು, ಕ್ಲಾಸಿನ ಹುಡುಗ್ರ ಮನಿ ಫೋನ್‌ನ್ಯಾಗ ಆ ಸ್ಟೇಟಸ್ ಇರ್ತದ. ರೊಕ್ಕ ಕೊಟ್ಟವರಿಗೆ ಅಂಗಡಿ ಬಿಲ್ ತೋರಸ್ರಿ, ಎಷ್ಟು ಮಕ್ಕಳಿಗೆ ಮುಟ್ಟಿತು ಬರದು ಕಳಸ್ರಿ, ಫೋಟೋ ಬೇಕ ಬೇಕಂದ್ರ ಹಂಚೋದಕ್ಕಿಂತ ಮೊದಲ ನೋಟ್‌ಬುಕ್ ಕಟ್ಟು ಇಟ್ಟ ಟೇಬಲ್‌ದು ತಗೀರಿ. ತಗದಿರೋ ಆ ಹುಡುಗಿ ಫೋಟೋ ಇವತ್ತ ಎಲ್ಲರ ಫೋನಿನಿಂದ ಡಿಲೀಟ್ ಮಾಡಸ್ರಿ.