ಮೀಟಿಂಗಿನಲ್ಲಿ ಸುಮ್ನೆ ಕೂರಬೇಡ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬೆಂಗಳೂರಿನಲ್ಲಿ ಆರು ವರ್ಷ ಸಂಶೋಧನಾ ಜರ್ನಲ್‌ಗಳ ಟೈಪ್‌ಸೆಟ್ಟಿಂಗ್ (ಪುಟ ಜೋಡಣೆ), ಪ್ರೂಫ್ ಎಲ್ಲ ನೋಡಿಕೊಂಡಿದ್ದೀಯ. ಈಗ ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ, ನಾನಿರುವ ಕಡೆಗೇ, ಪ್ರೊಡಕ್ಷನ್ ಎಡಿಟರ್ ಕೆಲಸ ಸಿಕ್ಕಿದೆ. ಆಫರ್ ಲೆಟರ್ ಕೈಗೆ ಬಂದ ವಾರವೇ ಅದೇ ಕಂಪನಿಯಲ್ಲಿ ವಿಭಾಗಗಳನ್ನು ಒಡೆದು ಕೂಡಿಸುತ್ತಿದ್ದಾರೆ ಅಂತ ಕೇಳಿ ಹೆದರಿದ್ದೀಯ. 'ಅಲ್ಲಿ ಯಾವಾಗಲೂ ಹೀಗೇನಾ? ನಾನು ಉಳಿದುಕೊಳ್ಳೋದು ಹೇಗೆ?' ಅಂತ ಕೇಳಿದ್ದೀಯ.

ಹೌದು, ಯಾವಾಗಲೂ ಹೀಗೇ. ನಾನು ಬಂದು ಹದಿನಾರು ವರ್ಷವಾಯಿತು. ಅಷ್ಟರಲ್ಲಿ ನನ್ನ ಟೀಮಿನ ಹೆಸರು ನಾಲ್ಕು ಸಲ ಬದಲಾಗಿದೆ, ಲೇಖನಗಳನ್ನು ನಡೆಸುವ ಸಾಫ್ಟ್‌ವೇರ್ ಮೂರು ಸಲ ಬದಲಾಗಿದೆ. ಈ ಊರಿಗೆ ಇದು ಹೊಸದೂ ಅಲ್ಲ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1830ರಿಂದ ವಾಲ್ಟನ್ ಸ್ಟ್ರೀಟಿನಲ್ಲಿದೆ. ಕಟ್ಟಡ ಇವತ್ತಿಗೂ ಹಾಗೇ ನಿಂತಿದೆ, ಆದರೆ ಅಲ್ಲಿನ ಮುದ್ರಣಾಲಯ 1989ರಲ್ಲೇ ಮುಚ್ಚಿತು. ಇದೇ ಊರಲ್ಲಿ ಬೆಳೆದ ಬ್ಲ್ಯಾಕ್‌ವೆಲ್ ಪ್ರಕಾಶನ 2007ರಲ್ಲಿ ಅಮೆರಿಕದ ವೈಲಿ ಪ್ರಕಾಶನದ ಪಾಲಾಯಿತು. ಆ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ಕಾಗದ ಹೊರುತ್ತಿದ್ದವರು, ಅವರ ಮಕ್ಕಳು ಈಗಲೂ ಇಲ್ಲಿ ಇದ್ದಾರೆ. ಅವರ ಜೊತೆ ಒಂದು ಕಪ್ ಟೀ ಕುಡಿದು ಮಾತಾಡಿದರೆ ನಿನ್ನ ಭಯ ಅರ್ಧ ಇಳಿಯುತ್ತದೆ.

ನನ್ನ ಕಾಲದಲ್ಲಿ ಬಂದ ದೊಡ್ಡ ಬದಲಾವಣೆ ಅಂದರೆ ದುಡ್ಡಿನ ದಾರಿ ತಿರುಗಿದ್ದು. ಮೊದಲು ಲೈಬ್ರರಿಗಳು ಚಂದಾ ಕಟ್ಟುತ್ತಿದ್ದವು, ಓದುವವರ ಕಡೆಯಿಂದ ಹಣ ಬರುತ್ತಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಕೆಲವು ಸಂಶೋಧನಾ ನಿಧಿಗಳು ಸೇರಿ 'ಪ್ಲಾನ್ ಎಸ್' ಘೋಷಿಸಿದವು. ನಮ್ಮ ಹಣದಲ್ಲಿ ನಡೆದ ಸಂಶೋಧನೆ ಪ್ರಕಟವಾದ ದಿನವೇ ಎಲ್ಲರಿಗೂ ಉಚಿತವಾಗಿ ಸಿಗಬೇಕು ಅಂತ ಅವರ ಷರತ್ತು. ಅಂದರೆ ಓದುವವರ ಬದಲು ಬರೆಯುವವರ ಕಡೆಯಿಂದ ಹಣ ಬರುವುದು ಹೆಚ್ಚಾಯಿತು. ಒಂದು ಪುಟದಲ್ಲಿ ಬರೆದುಬಿಡಬಹುದಾದ ಮಾತು. ಆದರೆ ಅದರಿಂದ ಆಫೀಸಿನಲ್ಲಿ ಎಷ್ಟು ಜನರ ಕೆಲಸ ಬದಲಾಯಿತು ಗೊತ್ತಾ? ಇಪ್ಪತ್ತು ವರ್ಷ ಚಂದಾ ಮಾರಿದವರು ಯಾವ ವಿಶ್ವವಿದ್ಯಾಲಯದಿಂದ ವರ್ಷಕ್ಕೆ ಎಷ್ಟು ಲೇಖನ ಬರುತ್ತವೆ ಅಂತ ಲೆಕ್ಕ ಹಾಕುವುದನ್ನು ಕಲಿಯಬೇಕಾಯಿತು. ಕಾಮಾ, ಫುಲ್‌ಸ್ಟಾಪ್ ನೋಡುತ್ತಿದ್ದ ನಾವು ಪ್ರತಿ ಲೇಖನಕ್ಕೂ ಹಣ ಕೊಟ್ಟವರು ಯಾರು, ಲೈಸೆನ್ಸ್ ಯಾವುದು, ಶುಲ್ಕ ಲೇಖಕರು ಕಟ್ಟಬೇಕಾ ಅವರ ವಿಶ್ವವಿದ್ಯಾಲಯವಾ ಅಂತ ನೋಡಬೇಕಾಯಿತು. ಕಲಿಸೋಕೆ ಎರಡು ಗಂಟೆಯ ಒಂದು ವೆಬಿನಾರ್ ಇಟ್ಟಿದ್ದರು, ಅಷ್ಟೇ. ನಿಜವಾಗಿ ಕಲಿತದ್ದು ಪಕ್ಕದ ಕುರ್ಚಿಯವರಿಂದ.

ಈಗ ನನ್ನ ಸ್ವಂತ ಕಥೆ. ಇದನ್ನು ಹೇಳೋಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಂದ ಮೂರನೇ ವರ್ಷ, ಆಗ ನಾನಿದ್ದ ಕಂಪನಿ ಹೊಸ ಸಿಸ್ಟಂಗೆ ಹೋಗಲು ಹೊರಟಿತ್ತು. ಲೇಖಕರ ಹೆಸರಿಗೆ ಎರಡು ಖಾನೆ, ಎರಡೂ ಕಡ್ಡಾಯ: ಹೆಸರು, ಸರ್‌ನೇಮ್. ಮೀಟಿಂಗಿನಲ್ಲಿ ಪರದೆ ಮೇಲೆ ನೋಡಿದ ತಕ್ಷಣ ನನಗೆ ಹೊಳೆಯಿತು. ನಮ್ಮ ಕಡೆ ಎಷ್ಟು ಜನಕ್ಕೆ ಸರ್‌ನೇಮ್ ಅನ್ನೋದೇ ಇಲ್ಲ, ಅಲ್ವಾ? ಇನಿಷಿಯಲ್ ಇರುತ್ತದೆ. ಅದು ಅಪ್ಪನ ಹೆಸರಿನದ್ದೋ ಊರಿನದ್ದೋ ಆಗಿರುತ್ತದೆ. ಬೆಂಗಳೂರಿನಲ್ಲಿ ನಾವು ಇಂಥ ಹೆಸರುಗಳನ್ನು ದಿನವೂ ಕೈಯಿಂದ ಸರಿಮಾಡುತ್ತಿದ್ದೆವು. ಅದು ಯಾವ ಸೂಚನೆಯಲ್ಲೂ ಬರೆದಿರಲಿಲ್ಲ, ನಮಗೆ ಗೊತ್ತಿತ್ತು ಅಷ್ಟೇ. ಹೇಳಬೇಕು ಅಂತ ಬಾಯಿ ತೆರೆದೆ. ಸುತ್ತ ದೊಡ್ಡವರೆಲ್ಲ ಕೂತಿದ್ದರು, ನಾನು ಹೊಸಬಳು, ನನ್ನ ಇಂಗ್ಲಿಷ್ ಉಚ್ಚಾರದ ಬಗ್ಗೆ ಅಳುಕು. ದೊಡ್ಡವರು ಯೋಚಿಸಿಯೇ ಇರುತ್ತಾರೆ ಅಂತ ಸುಮ್ಮನಾದೆ.

ಯಾರೂ ಯೋಚಿಸಿರಲಿಲ್ಲ. ಸಿಸ್ಟಂ ಶುರುವಾದ ಮೊದಲ ವಾರವೇ ದಕ್ಷಿಣ ಭಾರತದ, ಇಂಡೋನೇಷ್ಯಾದ ಲೇಖಕರ ಲೇಖನಗಳು ಮಧ್ಯದಲ್ಲಿ ನಿಂತುಹೋದವು. ಕೆಲವು ಮುಂದೆ ಹೋದವು, ಆದರೆ ಲೇಖಕರ ಹೆಸರು ಹಿಂದುಮುಂದಾಗಿ ಅಚ್ಚಾದವು. ಮೈಸೂರಿನ ಒಬ್ಬ ಸಂಶೋಧಕಿಯ ಮೊದಲ ಲೇಖನ ಅವರ ತಂದೆಯ ಹೆಸರಿನಲ್ಲಿ ಬಂತು. ಅವರ ಮೇಲ್ ನನಗೇ ಬಂತು. ಎಷ್ಟು ಮರ್ಯಾದೆಯಿಂದ ಬರೆದಿದ್ದರು! ಅದನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಸರಿಪಡಿಸಲು ಎರಡು ತಿಂಗಳು ಹಿಡಿಯಿತು.

ಆಮೇಲೆ ನನ್ನ ಮ್ಯಾನೇಜರಿಗೆ ನಿಜ ಹೇಳಿದೆ, ನನಗೆ ಮೊದಲೇ ಗೊತ್ತಿತ್ತು ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: 'ಇನ್ನೂ ಏನೇನು ಗೊತ್ತು?' ಅವತ್ತು ಇಬ್ಬರೂ ಕೂತು ಹನ್ನೊಂದು ವಿಷಯ ಬರೆದೆವು. ಬೆಂಗಳೂರು, ಚೆನ್ನೈ ಕಡೆಯ ಟೈಪ್‌ಸೆಟ್ಟಿಂಗ್ ಟೀಮುಗಳನ್ನೂ ಕೇಳಿದೆವು. ಪಟ್ಟಿ ನಲವತ್ತು ದಾಟಿತು. ಅದಕ್ಕೆ ಮುಂಚೆ ಅವರನ್ನು ಯಾರೂ ಕೇಳಿರಲೇ ಇಲ್ಲ. ನನ್ನ ಪ್ರಕಾರ ಈ ಉದ್ಯಮದಲ್ಲಿ ಬದಲಾವಣೆ ಕೆಡುವುದು ಇಲ್ಲೇ. ನಿರ್ಧಾರ ಮಾಡುವವರು ಆಕ್ಸ್‌ಫರ್ಡ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ಇರುತ್ತಾರೆ, ಕೆಲಸದ ಒಳಗುಟ್ಟು ಇನ್ನೆಲ್ಲೋ ಇರುತ್ತದೆ.

ಬದಲಾವಣೆ ಕೆಡುವುದು ಬರೀ ಸಾಫ್ಟ್‌ವೇರ್ ವಿಷಯದಲ್ಲಿ ಅಲ್ಲ. ವೈಲಿ 2021ರಲ್ಲಿ ಹಿಂದಾವಿ ಅನ್ನುವ ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಪ್ರಕಾಶನವನ್ನು 29.8 ಕೋಟಿ ಡಾಲರ್ ಕೊಟ್ಟು ಕೊಂಡಿತು. ವಿಶೇಷ ಸಂಚಿಕೆಗಳ ಮೂಲಕ ನಕಲಿ ಲೇಖನಗಳು ರಾಶಿರಾಶಿ ನುಗ್ಗಿದ್ದು ಗೊತ್ತಾಗಿ, 2023 ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊನೆಗೆ ಆ ಹೆಸರನ್ನೇ ಕೈಬಿಡಲು ತೀರ್ಮಾನಿಸಿದರು. ಈಗ ಎಲ್ಲ ದೊಡ್ಡ ಪ್ರಕಾಶಕರಲ್ಲೂ ಇದನ್ನು ಹಿಡಿಯುವುದಕ್ಕೇ ಬೇರೆ ಟೀಮುಗಳಿವೆ. ನಿನಗೆ ಆಸಕ್ತಿ ಇದ್ದರೆ ಆ ಕಡೆ ನೋಡು. ಲೇಖನಗಳನ್ನು ಸಾಲುಸಾಲಾಗಿ ಓದಿ ಪಳಗಿದ ಕಣ್ಣಿಗೆ ಅಲ್ಲಿ ಬೆಲೆ ಇದೆ.

ಕೆಲಸ ಹೋದರೆ ಏನು ಅಂತಲೂ ಕೇಳಿದ್ದೀಯ. ನಿನ್ನ ವೀಸಾ ಸ್ಪಾನ್ಸರ್ ಮಾಡಿದ ಕಂಪನಿಯಲ್ಲಿ ಕೆಲಸ ಹೋದರೆ, ಬೇರೆ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಹುದ್ದೆ ತೆಗೆದಾಗ ಕಾನೂನಿನ ಪ್ರಕಾರದ ಪರಿಹಾರ ಸಿಗಬೇಕಾದರೆ ಆ ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕು. ಅದಕ್ಕೆ ಮೊದಲ ಎರಡು ವರ್ಷ ಮೂರು ತಿಂಗಳ ಖರ್ಚಿನ ಹಣ ಬೇರೆ ಇಟ್ಟಿರು. ಇಲ್ಲಿ ಬಾಡಿಗೆ ಜಾಸ್ತಿ, ಹತ್ತಿರದ ಊರು ಡಿಡ್ಕಾಟ್ ಕಡೆ ಸ್ವಲ್ಪ ಕಡಿಮೆ, ಬಸ್ಸೂ ಇದೆ. ಯೂನಿಯನ್ ಸೇರು. ಪತ್ರಕರ್ತರ ಸಂಘವಾದ ಎನ್‌ಯುಜೆ ಪ್ರಕಾಶನದವರನ್ನೂ ಸೇರಿಸಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಮೊದಲ ಚಳಿಗಾಲ ಮನಸ್ಸಿಗೆ ಕಷ್ಟ. ಆ ತಿಂಗಳು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದುಬಿಡು.

ಹೊರಡುವ ಮುಂಚೆ ಒಂದು ಕೆಲಸ ಮಾಡು. ನಿನ್ನ ಈಗಿನ ಟೀಮಿನಲ್ಲಿ ತುಂಬಾ ಹಳಬರು ಯಾರಿದ್ದಾರೋ ಅವರ ಪಕ್ಕ ಒಂದು ದಿನ ಪೂರ್ತಿ ಕೂತುಕೋ. ಸೂಚನೆಯಲ್ಲಿ ಇಲ್ಲದ್ದು ಏನೇನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಅಂತ ಕೇಳಿ ಬರೆದುಕೋ, ಅವರ ಹೆಸರಿನ ಜೊತೆಗೇ. ಅವರ ಫೋನ್ ನಂಬರೂ ತೆಗೆದುಕೊಂಡು ಬಾ.