ಖಾರ ತೆಗೆಯಿರಿ, ಸೊಗಡು ತೆಗೆಯಬೇಡಿ: ಎರಡು ಸೀಮೆಯ ಮನೆಯಲ್ಲಿ ಮಗುವಿನ ಊಟ

ನೀವು ಕೇಳಿರುವುದು ಇಷ್ಟು: ನೀವು ಕನ್ನಡಿಗರು, ನಿಮ್ಮ ಪತ್ನಿ ಪಂಜಾಬಿನವರು, ಮಗನಿಗೆ ಎರಡೂವರೆ ವರ್ಷ. ಎರಡೂ ಕಡೆಯ ಹಿರಿಯರು ಮಗು ತಮ್ಮ ಊಟವನ್ನೇ ರೂಢಿಸಿಕೊಳ್ಳಬೇಕೆಂದು ಹಟ ಹಿಡಿದಿರುವುದರಿಂದ, ಯಾರ ಮನಸ್ಸಿಗೂ ನೋವಾಗದಂತೆ ಮಗನಿಗೆಂದೇ ಬೇರೊಂದು ಸಾದಾ ಅಡುಗೆ ಮಾಡುತ್ತಿದ್ದೀರಿ. ಅದನ್ನು ಮುಂದುವರಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಮುಂದುವರಿಸಬೇಡಿ. ಅದೇ ದಾರಿಯಲ್ಲಿ ನಾಲ್ಕು ವರ್ಷ ನಡೆದು, ಹಿಂದಿರುಗಲು ಹೆಚ್ಚುಕಡಿಮೆ ಎರಡು ವರ್ಷ ಪಾಡುಪಟ್ಟವರು ನಾವು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಒಕ್ಕಲು ಮನೆತನದವಳು. ನನ್ನ ಪತಿ ಪಶ್ಚಿಮ ಬಂಗಾಳದ ಬರ್ಧಮಾನದ ಕಡೆಯವರು, ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಮಗಳಿಗೆ ಈಗ ಒಂಬತ್ತು ವರ್ಷ. ಅವಳ ಅನ್ನಪ್ರಾಶನವನ್ನು ಬಂಗಾಳಿ ಪದ್ಧತಿಯಂತೆ ಏಳನೆಯ ತಿಂಗಳಲ್ಲಿ ಮಾಡಿದೆವು; ಅಲ್ಲಿ ಹೆಣ್ಣುಮಗುವಿಗೆ ಬೆಸ ತಿಂಗಳು, ಗಂಡುಮಗುವಿಗೆ ಸಮ ತಿಂಗಳು ನೋಡುತ್ತಾರೆ, ಮೊದಲ ತುತ್ತನ್ನು ಸೋದರಮಾವ ಉಣಿಸುತ್ತಾನೆ. ಆಲೂರಿನಿಂದ ಬಂದಿದ್ದ ನನ್ನ ತಮ್ಮ ಪಾಯಸದ ತುತ್ತಿಟ್ಟ. ಬಳಿಕ ಮಗು ಏನನ್ನು ಮುಟ್ಟುತ್ತದೆಂದು ನೋಡಲು ಮಣ್ಣು, ಪುಸ್ತಕ, ಲೇಖನಿ, ಚಿನ್ನ ಇಟ್ಟ ತಟ್ಟೆಯ ಅಂಚಿನಲ್ಲಿ ಅವನು ಒಂದು ಹಿಡಿ ರಾಗಿಯನ್ನೂ ಇಟ್ಟಿದ್ದ. ಅಂದು ಎರಡೂ ಮನೆಯವರು ಒಟ್ಟಿಗೆ ಕುಳಿತು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

ಬಿಗುವು ಶುರುವಾದದ್ದು ವಾಸನೆಯಿಂದ. ಸಾಸಿವೆ ಎಣ್ಣೆಯನ್ನು ಹಸಿ ಘಾಟು ಹೋಗುವಂತೆ ಹೊಗೆಯಾಡುವವರೆಗೆ ಕಾಯಿಸಿ, ಆಮೇಲೆ ಮೀನು ಬಿಡುವುದು ಅತ್ತೆಯವರ ಕ್ರಮ. ಆ ಹೊಗೆ ಎದ್ದೊಡನೆ ನನ್ನ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಅತ್ತೆಯವರಿಗೆ ನಮ್ಮ ಹುಚ್ಚೆಳ್ಳು ಚಟ್ನಿ ಒಗ್ಗಲಿಲ್ಲ. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂದು ನಾವು ಮೊದಲೇ ಹೇಳದೆ ಹೋದದ್ದರಿಂದ ಅದು ಹಲ್ಲಿಗೆಲ್ಲ ಮೆತ್ತಿಕೊಂಡು, ಇದನ್ನು ಮಗುವಿಗೆ ಹೇಗೆ ಕೊಡುತ್ತೀರಿ ಎಂದು ಅವರು ಗಾಬರಿಯಾದರು. ಯಾರನ್ನೂ ನೋಯಿಸುವುದು ಬೇಡವೆಂದು ನಾವಿಬ್ಬರೂ ಮಗುವಿನ ಅಡುಗೆಯಿಂದ ಸಾಸಿವೆ ಎಣ್ಣೆಯನ್ನೂ ಹುಚ್ಚೆಳ್ಳನ್ನೂ ಮೀನನ್ನೂ ಹುರುಳಿಯನ್ನೂ ಕೈಬಿಟ್ಟೆವು. ಉಳಿದದ್ದು ಮೊಸರನ್ನ, ಬ್ರೆಡ್ಡು, ನೂಡಲ್ಸ್, ಆಲೂಗಡ್ಡೆ ಪಲ್ಯ. ಮಾತಿನ ವಿಷಯದಲ್ಲೂ ಹಾಗೆಯೇ ಆಯಿತು: ನಾನೂ ಪತಿಯೂ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದುದರಿಂದ ಮಗಳಿಗೂ ಅದೇ ಸಾಕೆಂದುಕೊಂಡೆವು.

ನಾಲ್ಕು ವರ್ಷದ ಮಗಳು ಆಲೂರಿನಲ್ಲಿ ಹಬ್ಬದ ಪಂಕ್ತಿಗೆ ಕುಳಿತು ಬಿಸ್ಕತ್ತು ಕೇಳಿದಳು. ಅದೇ ವರ್ಷ ಬರ್ಧಮಾನದಲ್ಲಿ ಅತ್ತೆಯವರು ಮೀನಿನ ಒಂದೊಂದು ಮುಳ್ಳನ್ನೂ ಬೆರಳಿನಿಂದ ತಡವಿ ತೆಗೆದು, ಅನ್ನದೊಡನೆ ಕಲಸಿ ತುತ್ತು ಮಾಡಿ ಹಿಡಿದರೆ ಮುಖ ತಿರುಗಿಸಿದಳು. ಅತ್ತೆಯವರು ಆ ತುತ್ತನ್ನು ಕೆಳಗಿಡದೆ ಬಹಳ ಹೊತ್ತು ಹಾಗೆಯೇ ಕುಳಿತಿದ್ದರು. ಮಗಳ ಜೊತೆ ಮಾತಾಡಲು ಅವರಿಗೆ ಇಂಗ್ಲಿಷ್ ಇಲ್ಲ, ಅವಳಿಗೆ ಬಂಗಾಳಿ ಇಲ್ಲ. ಇದ್ದದ್ದು ಆ ತುತ್ತೊಂದೇ. ಇಬ್ಬರು ಅಜ್ಜಿಯರಿಗೂ ಸಮನಾಗಿ ನಡೆದುಕೊಂಡಿದ್ದೇವೆಂದು ನಂಬಿದ್ದ ನಾವು, ಇಬ್ಬರ ಕೈಯಿಂದಲೂ ಮೊಮ್ಮಗಳನ್ನು ಸಮನಾಗಿ ಕಿತ್ತುಕೊಂಡಿದ್ದೆವು ಎಂಬುದು ನನಗೆ ಅಂದು ಅರ್ಥವಾಯಿತು.

ಹಾಸನದ ಕಡೆ ಅವರೆಕಾಯಿಯ ಸೊಗಡು ಎನ್ನುತ್ತೇವಲ್ಲ, ಪ್ರತಿಯೊಂದು ಸೀಮೆಯ ಅಡುಗೆಗೂ ಅಂಥದ್ದೊಂದು ಇರುತ್ತದೆ. ಬಸ್ಸಾರಿಗೆ ಬಸಿದ ಕಟ್ಟಿನದು, ಬಂಗಾಳಿ ಮೀನಿಗೆ ಅರೆದ ಸಾಸಿವೆಯದು. ಮಗುವಿಗೆ ಮೆಣಸಿನಕಾಯಿಯನ್ನು ಕಡಿಮೆ ಮಾಡಿ, ಉಪ್ಪನ್ನು ಕಡಿಮೆ ಮಾಡಿ. ಸೊಗಡನ್ನು ಮಾತ್ರ ತೆಗೆಯಬೇಡಿ. ಅದನ್ನು ತೆಗೆದ ಮೇಲೆ ಉಳಿಯುವ ಊಟದಿಂದ ಹೊಟ್ಟೆ ತುಂಬಬಹುದು, ಆದರೆ ಅದು ಯಾವ ಅಜ್ಜಿಯ ಊಟವೂ ಅಲ್ಲ.

ಮಗುವಿಗೆ ಇವೆಲ್ಲ ತೀರಾ ಹೊಸದಾಗಿರುವುದೂ ಇಲ್ಲ. ಅಮೆರಿಕದ ಜೂಲಿ ಮೆನ್ನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: ಬಸುರಿನ ಕೊನೆಯ ತಿಂಗಳುಗಳಲ್ಲೋ ಬಾಣಂತನದ ಮೊದಲ ತಿಂಗಳುಗಳಲ್ಲೋ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ರುಚಿಯ ಅಂಬಲಿಯನ್ನು ಕೊಟ್ಟಾಗ ಉಳಿದ ಮಕ್ಕಳಿಗಿಂತ ಕಡಿಮೆ ಮುಖ ಸಿಂಡರಿಸಿದರು. ತಾಯಿ ಉಂಡ ಊಟದ ರುಚಿ ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತದೆ. ನಾನು ಬಸುರಿನ ಕೊನೆಯ ದಿನಗಳನ್ನು ಕಳೆದದ್ದು ಅವ್ವನ ಮನೆಯಲ್ಲಿ, ಹುರುಳಿ ಸಾರು ಉಂಡುಕೊಂಡು; ಮಗಳಿಗಿದ್ದ ಆ ಪರಿಚಯವನ್ನು ನಾವೇ ಮುರಿದೆವು. ನಿಮ್ಮ ಮಗನಿಗೂ ಪತ್ನಿಯ ಊಟ ಆಗಲೇ ಗೊತ್ತಿರುತ್ತದೆ. ಇನ್ನು ಹೊಸ ರುಚಿಯೊಂದನ್ನು ಮಗು ಒಪ್ಪಿಕೊಳ್ಳಲು ಹತ್ತು ಹದಿನೈದು ಬಾರಿ ಎದುರಿಗಿಡಬೇಕಾದೀತು ಎನ್ನುತ್ತಾರೆ. ನಮ್ಮ ಅನುಭವವೂ ಅದೇ. ಬೇರೆ ಅಡುಗೆ ನಿಲ್ಲಿಸಿದೆವು. ತಟ್ಟೆಯಲ್ಲಿ ಅವಳಿಗೆ ಗೊತ್ತಿರುವುದೊಂದು, ಗೊತ್ತಿಲ್ಲದ್ದು ಒಂದೇ ಚಮಚ, ತಿಂದರೂ ಬಿಟ್ಟರೂ ಯಾರೂ ಮಾತಾಡಕೂಡದು. ಹುರುಳಿ ಸಾರು ಆರನೆಯ ಬಾರಿಗೆ ಹಿಡಿಸಿತು. ಸಾಸಿವೆಯ ಮೀನಿಗೆ ಒಂದು ಮಳೆಗಾಲವೇ ಬೇಕಾಯಿತು. ಹಾಗಲಕಾಯಿ ಹಾಕಿದ ಶುಕ್ತೋ ಇಂದಿಗೂ ಹಿಡಿಸಿಲ್ಲ, ಇರಲಿ.

ಮೀನಿಗೆ ನೆರವಾದದ್ದು ಗೊರೂರಿನ ಹೇಮಾವತಿ ಜಲಾಶಯ. ಅಲ್ಲಿ ಸಿಗುವ ಕಾಟ್ಲಾ, ರೋಹು ಮೂಲತಃ ಗಂಗೆಯ ಸೀಮೆಯ ಮೀನುಗಳು. ನಮ್ಮ ಜಲಾಶಯಗಳಿಗೆ ಅವುಗಳ ಮರಿಗಳನ್ನು ತಂದು ಬಿಟ್ಟು ಬೆಳೆಸಿದ್ದಾರೆ. ಭಾನುವಾರ ತಂದೆಯ ಜೊತೆ ಹೋಗಿ ಮೀನು ಆರಿಸಿ ತರುವ ಮಗಳು, ತಾನೇ ಆರಿಸಿದ್ದೆಂಬ ಕಾರಣಕ್ಕೆ ಅದರ ಸಾರನ್ನು ಮೊದಲ ಬಾರಿ ಬೆರಳದ್ದಿ ನೋಡಿದಳು. ಸಾಸಿವೆಯನ್ನು ಹಸಿಮೆಣಸಿನಕಾಯಿ ಮತ್ತು ಉಪ್ಪಿನೊಡನೆ ಅರೆದರೆ ಕಹಿಯಾಗುವುದಿಲ್ಲ ಎಂಬುದನ್ನು ಅತ್ತೆಯವರು ಅವಳಿಗೆ ಫೋನಿನಲ್ಲಿ ಹೇಳಿಕೊಟ್ಟರು.

ಮಾತನ್ನೂ ಇದರ ಜೊತೆಗೇ ಸರಿಪಡಿಸಿಕೊಂಡೆವು. ಫ್ರಾನ್ಸಿನ ಭಾಷಾವಿದ್ವಾಂಸ ಜೂಲ್ ರೋಂಜಾ ತಾನು ಫ್ರೆಂಚಿನಲ್ಲೂ ಪತ್ನಿ ಜರ್ಮನ್ನಿನಲ್ಲೂ ಮಾತಾಡುತ್ತ ಮಗನನ್ನು ಬೆಳೆಸಿದ ಬಗೆಯನ್ನು 1913ರಲ್ಲೇ ಪುಸ್ತಕವಾಗಿ ಪ್ರಕಟಿಸಿದ್ದಾನೆ. ಮಗು ಎರಡನ್ನೂ ಕಲಿಯಿತು. ನಾವು ಅದಕ್ಕೆ ಒಲೆಯನ್ನು ಸೇರಿಸಿದೆವು: ಒಲೆಯ ಮುಂದೆ ಯಾರು ನಿಂತಿರುತ್ತಾರೋ ಅಡುಗೆಮನೆಯಲ್ಲಿ ಅವರ ಮಾತು.

ಕಳೆದ ಶ್ರಾವಣದಲ್ಲಿ ಅತ್ತೆಯವರು ಆಲೂರಿಗೆ ಬಂದಿದ್ದಾಗ ಅವ್ವ ತೋಟದ ಅಂಚಿನಿಂದ ಕರಿಕೆಸುವಿನ ಎಳೆ ಎಲೆಗಳನ್ನು ಕೊಯ್ದು ತಂದು, ಒರೆಸಿ, ನಾರು ತೆಗೆದು, ಸುರುಳಿ ಸುತ್ತಿ ಗಂಟು ಹಾಕುತ್ತಿದ್ದಳು. ಮಗಳೂ ಪಕ್ಕದಲ್ಲಿ ಕುಳಿತು ಗಂಟು ಹಾಕುತ್ತಿದ್ದಳು. ಅವಳ ಗಂಟುಗಳು ಸಡಿಲ, ಅವ್ವ ಮೆಲ್ಲಗೆ ಅವನ್ನೆಲ್ಲ ಮತ್ತೆ ಬಿಗಿಯುತ್ತಿದ್ದಳು. ಕೆಸುವಿಗೆ ಬಂಗಾಳಿಯಲ್ಲಿ ಕೊಚು ಎನ್ನುತ್ತಾರೆ, ಅವರಿಗೂ ಅದು ಪ್ರೀತಿಯ ಸೊಪ್ಪು. ಅದರಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲಿಗೆ ಚುಚ್ಚಿ ನವೆ ತರುತ್ತವೆಂದು, ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಎರಡೂ ಕಡೆಯ ರೂಢಿ. ಅತ್ತೆಯವರು ಪಾತ್ರೆಯತ್ತ ಬಗ್ಗಿ, "ತೇಂತುಲ್?" ಎಂದರು. "ಅಜ್ಜಿ, ಹುಣಸೆಹಣ್ಣು ಹಾಕಿದ್ದೀಯಾ ಅಂತ ಕೇಳ್ತಿದ್ದಾರೆ" ಎಂದಳು ಮಗಳು. ಅವ್ವ ನೆನೆಹಾಕಿದ್ದ ಹುಣಸೆಹಣ್ಣಿನ ಬಟ್ಟಲನ್ನು ಎತ್ತಿ ತೋರಿಸಿದಳು. ಅತ್ತೆಯವರು ನಕ್ಕು ತಮ್ಮ ಕಡೆಯ ಗಾದೆಯೊಂದನ್ನು ಹೇಳಿದರು: ಜೇಮೊನ್ ಬುನೋ ಓಲ್, ತೇಮ್ನಿ ಬಾಘಾ ತೇಂತುಲ್. ಮಗಳು ಸ್ವಲ್ಪ ಯೋಚಿಸಿ, "ಕಾಡು ಸುವರ್ಣಗಡ್ಡೆಗೆ ತಕ್ಕ ಹುಲಿಯಂಥ ಹುಣಸೆ" ಎಂದು ಅವ್ವನಿಗೆ ತಿಳಿಸಿದಳು. ಅವ್ವ ಇನ್ನೊಂದು ಉಂಡೆ ಹುಣಸೆಯನ್ನು ಕಿವುಚಿ ಹಾಕಿದಳು. ಆ ಹೊತ್ತು ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗಿ ಕೆಡಿಸುವುದು ಬೇಡವೆನ್ನಿಸಿ ಅಲ್ಲಿಯೇ ನಿಂತೆ.

ಹಿರಿಯರು ಹೇಳಿದ್ದನ್ನೆಲ್ಲ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಮುಟ್ಟಿಸಬೇಕೆಂದು ಅವ್ವ ಹೇಳಿದಾಗ ನಾನು ಒಪ್ಪಲಿಲ್ಲ, ಏಕೆಂದರೆ ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ತಗಲುವ ಅಪಾಯವಿದೆ. ಬಂಗಾಳಿ ಮನೆಯಾಗಲಿ ನಮ್ಮ ಮನೆಯಾಗಲಿ, ಮಗುವಿನ ಜೀವದ ವಿಷಯದಲ್ಲಿ ಇಲ್ಲ ಎಂದರೆ ಇಲ್ಲ; ಬೇರೆಲ್ಲ ಊಟದ ವಿಷಯದಲ್ಲಿ ಬಾಗಿಲು ತೆರೆದಿಡಿ.

ನಿಮ್ಮ ಮನೆಯಲ್ಲಿ ಇದನ್ನು ರೊಟ್ಟಿಯಿಂದ ಶುರುಮಾಡಬಹುದು. ಪಂಜಾಬಿನ ಮೆಕ್ಕೆಜೋಳದ ಹಿಟ್ಟಿಗೂ ನಮ್ಮ ಅಕ್ಕಿ ಹಿಟ್ಟಿಗೂ ಗೋಧಿಯ ಜಿಗುಟಿಲ್ಲ. ಎರಡಕ್ಕೂ ಬಿಸಿನೀರು ಬೇಕು, ಎರಡನ್ನೂ ಕೈಯಿಂದಲೇ ತಟ್ಟಬೇಕು. ಈ ಭಾನುವಾರ ನೀವೂ ನಿಮ್ಮ ಪತ್ನಿಯೂ ಅಕ್ಕಪಕ್ಕ ಕುಳಿತು ಎರಡನ್ನೂ ಕಲಸಿ, ಒಂದೊಂದು ಪುಟ್ಟ ಉಂಡೆಯನ್ನು ಮಗನ ಮುಂದಿಡಿ. ಅವನು ತಟ್ಟಿದ ರೊಟ್ಟಿ ಹರಿದುಹೋಗುತ್ತದೆ. ಹರಿದದ್ದನ್ನೇ ಬೇಯಿಸಿ, ಒಂದಕ್ಕೆ ಬೆಣ್ಣೆ, ಇನ್ನೊಂದಕ್ಕೆ ಹುಚ್ಚೆಳ್ಳು ಚಟ್ನಿ ಸವರಿ, ಅವನ ತಟ್ಟೆಗೆ ಹಾಕಿ.