ಘಟ್ಟದ ಕಲ್ಲಿಗೂ ಕಡಲಿನ ಬೂತಾಯಿಗೂ ಏನು ಸಂಬಂಧ?

ಪ್ರಶ್ನೆ: ಮಗಳ ಭೂಗೋಳ ಪಠ್ಯದಲ್ಲಿ ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಎಂದು ನಾಲ್ಕು ಪಾಠಗಳಿವೆ. ಇವು ಪರಸ್ಪರ ಅವಲಂಬಿಸಿವೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದಾರೆ. ನೀರು, ಗಾಳಿ ಮತ್ತು ಜೀವಿಗಳ ನಂಟನ್ನು ಊಹಿಸಬಲ್ಲೆ. ಆದರೆ ಇದರಲ್ಲಿ ಕಲ್ಲಿನ ಪಾತ್ರವೇನು? ನಮ್ಮ ಕಡೆಯ ಉದಾಹರಣೆಯೊಂದಿಗೆ ತಿಳಿಸುವಿರಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀವು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬರುವ ನೈಋತ್ಯ ಮಾರುತವು ಘಟ್ಟಕ್ಕೆ ತಾಗಿ ಮೇಲೇರಿ, ತಣಿದು, ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆಯಾಗುವುದಕ್ಕೂ, ಘಟ್ಟದಾಚೆಯ ಚಳ್ಳಕೆರೆಯಲ್ಲಿ ಅದು 500 ಮಿ.ಮೀ. ಆಸುಪಾಸಿನಲ್ಲಿ ನಿಂತುಬಿಡುವುದಕ್ಕೂ ಇದೇ ಕಾರಣ. ಇಷ್ಟನ್ನು ಎಲ್ಲ ಪಠ್ಯಗಳೂ ಹೇಳುತ್ತವೆ. ಮಳೆ ನೆಲ ಮುಟ್ಟಿದ ನಂತರ ನಡೆಯುವುದು ನನ್ನ ಮಟ್ಟಿಗೆ ಇನ್ನೂ ಸೋಜಿಗದ ಸಂಗತಿ.

ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಸ್ವಲ್ಪ ಕರಗಿಸಿಕೊಂಡೇ ಇಳಿಯುತ್ತದೆ. ಕಾಡಿನ ಮಣ್ಣಿನೊಳಗೆ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುತ್ತಿರುವುದರಿಂದ ಅಲ್ಲಿ ಈ ಅನಿಲವು ಹೊರಗಿನ ಗಾಳಿಗಿಂತ ಹಲವು ಪಟ್ಟು ಹೆಚ್ಚಾಗಿರುತ್ತದೆ. ಹೀಗಾಗಿ ಮಣ್ಣಿನಲ್ಲಿ ಇಂಗುವ ನೀರು ಬಲು ಸೌಮ್ಯವಾದ ಆಮ್ಲವಾಗಿ, ಕೆಳಗಿನ ಕಲ್ಲಿನಿಂದ ಕ್ಯಾಲ್ಸಿಯಂ, ಸೋಡಿಯಂ ಮತ್ತು ಸಿಲಿಕಾಗಳನ್ನು ಕರಗಿಸಿ ಹೊಳೆಗೆ ಒಯ್ಯುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ಜಂಬಿಟ್ಟಿಗೆ ಕಲ್ಲನ್ನು, ಅಂದರೆ ಮುರಕಲ್ಲನ್ನು, ಮಗಳಿಗೆ ಹತ್ತಿರದಿಂದ ತೋರಿಸಿ. ಅದರ ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಅದರ ತೂತುಗಳಲ್ಲಿ ಅಲ್ಲಲ್ಲಿ ಹಳದಿ ಮಿಶ್ರಿತ ಬಿಳಿ ಜೇಡಿ ಇರುತ್ತದೆ. ನೆಲದಿಂದ ಆಗಷ್ಟೇ ಕಡಿದು ತೆಗೆದಾಗ ಮೆತ್ತಗಿರುವ ಆ ಕಲ್ಲು ಗಾಳಿ–ಬಿಸಿಲಿಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಲಕ್ಷಾಂತರ ವರ್ಷಗಳ ಮಳೆಯು ತೊಳೆದು ಬಿಟ್ಟುಹೋದ ಶೇಷವದು. ಅದೇ ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಕ್ಯಾಲ್ಸಿಯಂ ಕೊಚ್ಚಿಹೋಗದೆ ಮಣ್ಣಿನಲ್ಲೇ ಸುಣ್ಣದ ಹರಳುಗಳಾಗಿ ಉಳಿಯುತ್ತದೆ.

ಹೊಳೆ ಒಯ್ದ ಸಿಲಿಕಾ ಕಡಲನ್ನು ಸೇರುತ್ತದೆ. ಅಲ್ಲಿ ಡಯಾಟಮ್ ಎಂಬ ಬರಿಗಣ್ಣಿಗೆ ಕಾಣದ ಪಾಚಿಗಳು ಅದರಿಂದ ತಮ್ಮ ಗಾಜಿನಂಥ ಕವಚವನ್ನು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಆ ಕವಚಗಳು ಆಳಕ್ಕಿಳಿದು ನಿಧಾನವಾಗಿ ಕರಗುತ್ತವೆ. ಮಳೆಗಾಲದ ಗಾಳಿಯು ನಮ್ಮ ಪಶ್ಚಿಮ ಕರಾವಳಿಯ ಮೇಲ್ನೀರನ್ನು ದಡದಿಂದ ದೂರ ಸರಿಸಿದಾಗ, ಆ ಜಾಗಕ್ಕೆ ತಳದ ತಣ್ಣನೆಯ ನೀರು ಸಿಲಿಕಾ, ನೈಟ್ರೇಟ್ ಮತ್ತು ಫಾಸ್ಫೇಟುಗಳೊಂದಿಗೆ ಮೇಲೆದ್ದು ಬರುತ್ತದೆ. ಆಗ ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ತಿಂದು ಬೂತಾಯಿ ಮೀನು ಕೊಬ್ಬುತ್ತದೆ. ಜೂನ್ ಮತ್ತು ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದ ಮೇಲೆ ಮಲ್ಪೆ, ಮಂಗಳೂರಿನ ದಕ್ಕೆಗಳಿಗೆ ಬರುವ ಮೀನಿನ ಹಿಂದೆ ಗಾಳಿ ಮತ್ತು ನೀರುಗಳಷ್ಟೇ ಅಲ್ಲದೆ ಕಲ್ಲೂ ಇದೆ.

ಕಲ್ಲಿನಿಂದ ಹೊರಟ ಕ್ಯಾಲ್ಸಿಯಂ ಇನ್ನೊಂದು ದಾರಿ ಹಿಡಿಯುತ್ತದೆ. ಚಿಪ್ಪಿನ ಜೀವಿಗಳು ಅದನ್ನು ನೀರಿನಲ್ಲಿ ಕರಗಿದ ಇಂಗಾಲದೊಂದಿಗೆ ಬೆಸೆದು ತಮ್ಮ ಚಿಪ್ಪನ್ನು ರಚಿಸುತ್ತವೆ. ಅಘನಾಶಿನಿ ಅಳಿವೆಯ ಬಳಚು ಮಾಡುವುದೂ ಇದನ್ನೇ. ಇಂಥ ಚಿಪ್ಪುಗಳು ಕಡಲತಳದಲ್ಲಿ ಹೂತುಹೋದಾಗ, ಒಂದು ಕಾಲಕ್ಕೆ ಗಾಳಿಯಲ್ಲಿದ್ದ ಇಂಗಾಲದ ಒಂದು ಪಾಲು ಸುಣ್ಣಕಲ್ಲಾಗುತ್ತದೆ. ಜ್ವಾಲಾಮುಖಿಗಳು ಉಗುಳುವ ಇಂಗಾಲದ ಡೈಆಕ್ಸೈಡು ವಾತಾವರಣದಲ್ಲಿ ಮಿತಿಮೀರಿ ಶೇಖರವಾಗದಂತೆ ಲಕ್ಷಾಂತರ ವರ್ಷಗಳಿಂದ ತಡೆಯುತ್ತಿರುವುದು ಈ ಕ್ರಿಯೆಯೇ. ಆದರೆ ಇದು ಅತಿ ನಿಧಾನದ್ದು. ನಾವು ಕಲ್ಲಿದ್ದಲು ಮತ್ತು ಪೆಟ್ರೋಲು ಸುಡುವ ವೇಗಕ್ಕೆ ಇದು ಸಾಟಿಯಾಗಲಾರದು.

ಪ್ರಶ್ನೆ: ಕಾಡು ಕಡಿದರೆ ಮಳೆ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮಳೆ ಬರುವುದು ಸಮುದ್ರದಿಂದ ತಾನೇ?
– ಇನ್ನೊಬ್ಬ ಓದುಗರು, ಸಾಗರ

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯವಿದೆ. ಘಟ್ಟದ ಪಶ್ಚಿಮ ಇಳಿಜಾರಿನ ಮಳೆಗೆ ಮುಖ್ಯ ಕಾರಣ ಸಮುದ್ರದ ತೇವ ಮತ್ತು ಬೆಟ್ಟದ ಎತ್ತರ. ಮರ ಕಡಿದ ಮಾತ್ರಕ್ಕೆ ಅವೆರಡೂ ಇಲ್ಲವಾಗುವುದಿಲ್ಲ. ಕಾಡು ಹೋದಾಗ ಮೊದಲು ಬದಲಾಗುವುದು ಬಿದ್ದ ಮಳೆಯ ಗತಿ. ದರಗು ಮತ್ತು ಮೇಲ್ಮಣ್ಣು ಕೊಚ್ಚಿಹೋಗಿ ಮುರಕಲ್ಲು ಬಯಲಾದರೆ ಅದು ಬಿಸಿಲಿಗೆ ಗಟ್ಟಿಯಾಗುತ್ತದೆ, ನೀರು ಇಂಗದೆ ಮೇಲೆಯೇ ಹರಿದುಹೋಗುತ್ತದೆ, ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ. (ಸಹಜವಾಗಿಯೇ ಬಂಡೆ ಹಾಸಿರುವ ಪದವುಗಳ ಮಾತು ಬೇರೆ. ಮಳೆಗಾಲದಲ್ಲಿ ಅಲ್ಲಿ ಅರಳುವ ಪುಟ್ಟ ಗಿಡಗಳದ್ದೇ ಒಂದು ಲೋಕ. ಅದನ್ನು ಪಾಳುಭೂಮಿ ಎಂದು ಭಾವಿಸಬಾರದು.)

ಉಳಿದರ್ಧ ಘಟ್ಟದ ಪೂರ್ವಕ್ಕೆ ಸಂಬಂಧಿಸಿದ್ದು. ಮರಗಳು ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತವೆ, ಗಾಳಿ ಅದನ್ನು ಮುಂದಕ್ಕೆ ಒಯ್ಯುತ್ತದೆ. ಘಟ್ಟದ ಕಾಡುಗಳು ಹೀಗೆ ಬಿಟ್ಟುಕೊಟ್ಟ ತೇವವು ತಮಿಳುನಾಡಿನ ಮುಂಗಾರು ಮಳೆಯಲ್ಲಿ ಗಣನೀಯ ಪಾಲು ಪಡೆದಿದೆ ಎಂದು ಮುಂಬೈ ಐಐಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ, ಅಂದರೆ ಆ ಸೀಮೆಯ ರೈತರಿಗೆ ಮಳೆ ಅತ್ಯಗತ್ಯವಾಗಿರುವಾಗಲೇ, ಆ ಪಾಲು ಇನ್ನೂ ಹೆಚ್ಚು.